ಹಾಲು ಇಲ್ಲ ಅನ್ನುವ ಮೊದಲು ಮಗುವಿನ ಬಾಯಿ ನೋಡಿ

ನನ್ನ ತಂಗಿಗೆ ಈಗ ಎಂಟನೇ ತಿಂಗಳು. ಮೊನ್ನೆ ಫೋನಿನಲ್ಲಿ, "ಅಕ್ಕಾ, ಹಾಲು ಕುಡಿಸೋದು ತಾನಾಗೇ ಬರುತ್ತಲ್ವಾ?" ಎಂದು ಕೇಳಿದಳು. ತಾನಾಗೇ ಬರುವುದಿಲ್ಲ ಎಂದೆ. ಮಗುವಿಗೆ ಚೀಪುವುದು ಹುಟ್ಟುವಾಗಲೇ ಗೊತ್ತಿರುತ್ತದೆ. ಆದರೆ ಎದೆಗೆ ಬಾಯಿ ಹೇಗೆ ಹಾಕಬೇಕು ಎಂಬುದನ್ನು ತಾಯಿ, ಮಗು ಇಬ್ಬರೂ ಸೇರಿ ಕಲಿಯಬೇಕು. ಅದಕ್ಕೆ ಕೆಲವು ದಿನ ಬೇಕು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಚೊಚ್ಚಲ ಬಾಣಂತಿಯರು ಮಾತ್ರವಲ್ಲ, ಅವರ ಅಮ್ಮಂದಿರೂ ಅತ್ತೆಯಂದಿರೂ ಓದಿದರೆ ನನಗೆ ಇನ್ನೂ ಸಂತೋಷ.

ನನಗೆ ಸಿಸೇರಿಯನ್ ಆಗಿತ್ತು. ಮಂಚದ ಸುತ್ತ ನಿಂತವರೆಲ್ಲ "ಪಾಪ, ಹಾಲೇ ಇಲ್ಲ" ಅನ್ನುತ್ತಿದ್ದರು. ಮಗಳು ಕಿರುಚುತ್ತಿದ್ದಳು. ಮೊಲೆತೊಟ್ಟು ಬಿರಿದು ರಕ್ತ ಬಂದಿತ್ತು. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ಬಂದವರೇ ಹಾಲಿನ ವಿಷಯ ಕೇಳಲೇ ಇಲ್ಲ. ಬಗ್ಗಿ ಮಗುವಿನ ಬಾಯಿ ನೋಡಿದರು. "ಬರೀ ತೊಟ್ಟು ಹಿಡ್ಕೊಂಡಿದೆ ಕಣಮ್ಮ, ತೊಟ್ಟಲ್ಲಿ ಹಾಲು ಇರಲ್ಲ" ಅಂದರು. ನಾನು ಹೇಳಬೇಕಾದ ಮುಖ್ಯ ವಿಷಯವೂ ಇದೇ. "ಹಾಲು ಇಲ್ಲ" ಎನ್ನುವ ಹೆಚ್ಚಿನ ಮನೆಗಳಲ್ಲಿ ಹಾಲಿಗೆ ಏನೂ ಆಗಿರುವುದಿಲ್ಲ. ಮಗು ಬಾಯಿ ಸರಿಯಾಗಿ ಹಾಕಿರುವುದಿಲ್ಲ, ಅಷ್ಟೆ.

ಮೊದಲ ಒಂದೆರಡು ದಿನ

ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಿಸೇರಿಯನ್ ಆದರೂ ಇದು ಆಗುತ್ತದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ತಾಯಿಗೆ ಎಚ್ಚರವಿರುತ್ತದೆ, ಜೊತೆಗೊಬ್ಬರು ಮಗುವನ್ನು ಹಿಡಿದುಕೊಂಡರೆ ಸಾಕು. ಇದನ್ನು ಹೆರಿಗೆಗೆ ಮೊದಲೇ ಡಾಕ್ಟರಿಗೆ ಹೇಳಿಡಿ. ಜೊತೆಗೆ ಬರುವವರಿಗಂತೂ ಗಟ್ಟಿಯಾಗಿ ಹೇಳಿಡಿ. ತಾಯಿ ಒಳಗೆ, ಮಗು ಹೊರಗೆ ಇರುವ ಆ ಹೊತ್ತಿನಲ್ಲೇ ಯಾರೋ ಒಬ್ಬರು ನಾಲಿಗೆಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಹಚ್ಚುವುದು. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ಬೇಡವೇ ಬೇಡ. ಅದರಲ್ಲಿ ಬಾಟ್ಯುಲಿಸಮ್ ಎಂಬ ಅಪಾಯಕಾರಿ ಕಾಯಿಲೆ ತರುವ ರೋಗಾಣು ಇರಬಹುದು. ಬಜೆ ತೇದು ನೆಕ್ಕಿಸುವುದು, ಹರಳೆಣ್ಣೆ ಕುಡಿಸುವುದು, ಗ್ರೈಪ್ ವಾಟರ್ ಯಾವುದೂ ಬೇಡ. ಆರು ತಿಂಗಳವರೆಗೆ ನೀರೂ ಬೇಡ. ಬೇಸಿಗೆಯಲ್ಲೂ ಬೇಡ. ಎದೆಹಾಲಿನ ಬಹುಪಾಲು ನೀರೇ. ಡಾಕ್ಟರ್ ಬರೆದುಕೊಡುವ ಔಷಧಿ ಮತ್ತು ವಿಟಮಿನ್ ಡಿ ಹನಿಗಳನ್ನು ಮಾತ್ರ ಕೊಡಿ. ದಿನಕ್ಕೆ 400 ಐ.ಯು. ವಿಟಮಿನ್ ಡಿ ಕೊಡಿ ಎಂದು ಮಕ್ಕಳ ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ.

ಮೊದಲು ಬರುವ ಹಾಲು ಹಳದಿ ಬಣ್ಣದ್ದು, ಅಂಟಂಟು, ಹನಿ ಹನಿಯಾಗಿ ಬರುತ್ತದೆ. ಇದನ್ನು ಕೆಟ್ಟ ಹಾಲು ಎಂದು ಹಿಂಡಿ ಚೆಲ್ಲುವ ಮನೆಗಳು ಈಗಲೂ ಇವೆ. ದಯವಿಟ್ಟು ಚೆಲ್ಲಬೇಡಿ. ಮಗುವನ್ನು ಸೋಂಕಿನಿಂದ ಕಾಯುವ ಅಂಶಗಳು ಇದರಲ್ಲೇ ದಟ್ಟವಾಗಿರುವುದು. ಕರುಳಿನಲ್ಲಿರುವ ಕಪ್ಪು ಮಲ ಹೊರಗೆ ಬರುವುದಕ್ಕೂ ಇದು ಬೇಕು. ಇಷ್ಟೇ ಇಷ್ಟು ಹಾಲು ಸಾಕಾ ಅಂತ ಅನ್ನಿಸುತ್ತೆ. ಮೊದಲ ದಿನ ಮಗು ಕುಡಿಯುವುದೇ ಒಂದು ಸಲಕ್ಕೆ ಸುಮಾರು 5ರಿಂದ 7 ಮಿ.ಲೀ. ಅಂದರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಜಾಸ್ತಿ. ಎದೆ ತುಂಬಿಕೊಂಡು ಹಾಲು ಇಳಿಯುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದೊಳಗೆ. ಆಪರೇಷನ್ ಆದವರಿಗೆ ಇನ್ನೊಂದು ದಿನ ತಡವಾಗಬಹುದು. ಅಲ್ಲಿಯವರೆಗೂ ಪದೇ ಪದೇ ಎದೆಗೆ ಹಾಕುತ್ತಲೇ ಇರಬೇಕು. 24 ಗಂಟೆಯಲ್ಲಿ ಎಂಟರಿಂದ ಹನ್ನೆರಡು ಸಲ. ರಾತ್ರಿ ಬಿಡಬೇಡಿ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಾತ್ರಿಯಲ್ಲೇ ಜಾಸ್ತಿ ಇರುತ್ತದೆ.

ಅತ್ತ ಮೇಲೆ ಕುಡಿಸೋಣ ಎಂದು ಕಾಯಬೇಡಿ. ಮಗು ಕೈಯನ್ನು ಬಾಯಿಗೆ ಒಯ್ಯುವುದು, ತಲೆಯನ್ನು ಆ ಕಡೆ ಈ ಕಡೆ ಹೊರಳಿಸುವುದು, ತುಟಿ ಚಪ್ಪರಿಸುವುದು, ಇವೇ ಹಸಿವಿನ ಸೂಚನೆಗಳು. ರಚ್ಚೆ ಹಿಡಿದ ಮಗು ಬಾಯಿ ಸರಿಯಾಗಿ ಹಾಕುವುದಿಲ್ಲ. ಮೊದಲು ಕುಲಾವಿ, ಲಂಗೋಟಿ ಬಿಟ್ಟು ಮಿಕ್ಕ ಬಟ್ಟೆ ತೆಗೆದು ಬರಿಯ ಎದೆಯ ಮೇಲೆ ಮಲಗಿಸಿಕೊಳ್ಳಿ. ಮೇಲೆ ಒಂದು ಹಳೆಯ ಕಾಟನ್ ಸೀರೆ ಹೊದ್ದುಕೊಳ್ಳಿ. ಐದು ಹತ್ತು ನಿಮಿಷದಲ್ಲಿ ಸಮಾಧಾನವಾಗುತ್ತದೆ.

ಹಿಡಿದುಕೊಳ್ಳುವುದು ಹೇಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇದನ್ನು ಗಂಡನೂ ಓದಲಿ. ಮಗುವಿನ ಬಾಯಿ ನಿಮಗೆ ಮೇಲಿನಿಂದ ಪೂರ್ತಿ ಕಾಣುವುದಿಲ್ಲ, ಪಕ್ಕದಲ್ಲಿ ಕೂತವರಿಗೆ ಚೆನ್ನಾಗಿ ಕಾಣುತ್ತದೆ.

ಮೊದಲು ನೀವು ಸರಿಯಾಗಿ ಕೂರಿ. ಬೆನ್ನಿಗೆ ಗೋಡೆಯೋ ದಿಂಬೋ ಇರಲಿ. ಕಾಲು ನೇತಾಡಬಾರದು. ಆಸ್ಪತ್ರೆಯ ಮಂಚ ಎತ್ತರ ಇದ್ದರೆ ಕೆಳಗೆ ಸ್ಟೂಲ್ ಇಡಿಸಿಕೊಳ್ಳಿ. ತೊಡೆಯ ಮೇಲೆ ಒಂದು ದಿಂಬು. ಬಗ್ಗಿ ಕೂತು ಎದೆಯನ್ನು ಮಗುವಿನ ಬಾಯಿಗೆ ತುರುಕಲು ಹೋದರೆ ಬೆನ್ನು ನೋವು ಬರುತ್ತದೆ, ಮಗುವೂ ಸರಿಯಾಗಿ ಹಿಡಿಯುವುದಿಲ್ಲ. ಮಗುವನ್ನೇ ಎದೆಯ ಹತ್ತಿರ ತರಬೇಕು.

ಎಡ ಎದೆಯಿಂದ ಕುಡಿಸುತ್ತೀರಿ ಅಂದುಕೊಳ್ಳಿ. ಮಗುವನ್ನು ಬಲಗೈಯಲ್ಲಿ ಹಿಡಿಯಿರಿ. ಎಲ್ಲರೂ ಮಾಡುವುದಕ್ಕೆ ಇದು ಉಲ್ಟಾ, ಆದರೆ ಹೊಸದರಲ್ಲಿ ಇದೇ ಸುಲಭ. ಮಗುವಿನ ಕುಂಡೆ ನಿಮ್ಮ ಬಲ ಮೊಣಕೈಯ ಹತ್ತಿರ ಬರಲಿ, ಬೆನ್ನು ಮುಂಗೈಯ ಮೇಲೆ ಒರಗಲಿ, ಅಂಗೈ ಭುಜ ಮತ್ತು ಕತ್ತಿನ ಬುಡದಲ್ಲಿರಲಿ. ಹೆಬ್ಬೆರಳು ಒಂದು ಕಿವಿಯ ಹಿಂದೆ, ಕೆಳಗೆ. ಉಳಿದ ಬೆರಳುಗಳು ಇನ್ನೊಂದು ಕಿವಿಯ ಹಿಂದೆ, ಕೆಳಗೆ. ತಲೆಯ ಹಿಂಭಾಗವನ್ನು ಒತ್ತಬೇಡಿ. ಒತ್ತಿದರೆ ಮಗು ತಲೆಯನ್ನು ಹಿಂದಕ್ಕೆ ಎಸೆಯುತ್ತದೆ. ಆಗ ಮನೆಯವರು "ಮಗುವಿಗೆ ಮೊಲೆ ಬೇಡವಂತೆ" ಅನ್ನುತ್ತಾರೆ. ಅದಕ್ಕೆ ಬೇಡವಾಗಿರುವುದು ಆ ಒತ್ತುವ ಕೈ ಮಾತ್ರ.

ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ಅಂಟಿರಬೇಕು. ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿರಬೇಕು. ಒಂದು ಕೆಲಸ ಮಾಡಿ. ನಿಮ್ಮ ಗದ್ದವನ್ನು ಭುಜದ ಮೇಲಿಟ್ಟುಕೊಂಡು ಒಂದು ಗುಟುಕು ನೀರು ಕುಡಿದು ನೋಡಿ. ಎಷ್ಟು ಕಷ್ಟ ಅಲ್ವಾ? ಮೈ ಆಕಾಶಕ್ಕೆ, ಮುಖ ಮಾತ್ರ ಎದೆಗೆ ತಿರುಗಿಸಿ ಮಲಗಿಸಿದ ಮಗುವಿಗೂ ಅಷ್ಟೇ ಕಷ್ಟ.

ಈಗ ಎಡಗೈ. ಹೆಬ್ಬೆರಳು ಎದೆಯ ಹೊರಬದಿಯಲ್ಲಿ, ಉಳಿದ ಬೆರಳುಗಳು ಒಳಬದಿಯಲ್ಲಿ, ಅಂಗೈ ಕೆಳಗೆ. ಬೆರಳುಗಳು ತೊಟ್ಟಿನಿಂದ ಮೂರು ಬೆರಳಗಲ ದೂರವಿರಲಿ. ದಪ್ಪ ಬನ್ ತಿನ್ನುವಾಗ ಬಾಯಿಗೆ ಹಿಡಿಸುವಂತೆ ಮೆಲ್ಲಗೆ ಅದುಮುತ್ತೇವಲ್ಲ, ಹಾಗೆ ಎದೆಯನ್ನು ಸ್ವಲ್ಪ ಅದುಮಿ. ಕತ್ತರಿಯಂತೆ ಎರಡು ಬೆರಳ ನಡುವೆ ತೊಟ್ಟನ್ನು ಹಿಡಿಯುವುದು ಬೇಡ, ಬೆರಳೇ ಮಗುವಿನ ಬಾಯಿಗೆ ಅಡ್ಡ ಬರುತ್ತದೆ.

ಮಗುವಿನ ಮೂಗು ತೊಟ್ಟಿನ ನೇರಕ್ಕೆ ಬರಲಿ. ಬಾಯಲ್ಲ, ಮೂಗು. ತೊಟ್ಟನ್ನು ಮೇಲ್ತುಟಿಗೆ ಮೆಲ್ಲಗೆ ತಾಗಿಸಿ, ಕಾಯಿರಿ. ಸ್ವಲ್ಪ ತೆರೆದ ಕೂಡಲೇ ತುರುಕಬೇಡಿ. ಬಾಯಿ ದೊಡ್ಡದಾಗಿ ತೆರೆದು, ನಾಲಿಗೆ ಕೆಳಗಿಳಿದ ಆ ಒಂದು ಕ್ಷಣದಲ್ಲಿ ಭುಜದಿಂದ ತಳ್ಳಿ ಸರಕ್ಕನೆ ಹತ್ತಿರ ತನ್ನಿ. ಗದ್ದ ಮೊದಲು ತಾಗಬೇಕು. ಕೆಳತುಟಿ ತೊಟ್ಟಿನಿಂದ ದೂರದಲ್ಲಿ ಕೂರಬೇಕು. ಮೇಲ್ತುಟಿ ಕೊನೆಗೆ. ಸರಿ ಹೋಗದಿದ್ದರೆ ಬಿಡಿಸಿ ಮತ್ತೆ ಹಾಕಿ. ಬಿಡಿಸುವಾಗ ಎಳೆಯಬೇಡಿ. ತೊಳೆದ ಕಿರುಬೆರಳನ್ನು ಬಾಯಿಯ ಮೂಲೆಯಿಂದ ಒಸಡುಗಳ ನಡುವೆ ತೂರಿಸಿದರೆ ತಾನಾಗೇ ಬಿಡುತ್ತದೆ.

ಇನ್ನು ಪಕ್ಕದಲ್ಲಿ ಕೂತವರು ನೋಡಬೇಕಾದದ್ದು. ಗದ್ದ ಎದೆಗೆ ಒತ್ತಿಕೊಂಡಿದೆಯಾ? ಕೆಳತುಟಿ ಹೊರಕ್ಕೆ ಮಡಚಿದೆಯಾ? ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ತುಟಿಯ ಕಡೆ ಜಾಸ್ತಿ, ಕೆಳತುಟಿಯ ಕಡೆ ಕಡಿಮೆ ಕಾಣುತ್ತಿದೆಯಾ? ಕೆನ್ನೆ ಗುಳಿ ಬೀಳದೆ ತುಂಬಿಕೊಂಡಿದೆಯಾ? ಚೀಪುವಾಗ ಟಕ್ ಟಕ್ ಸದ್ದು ಬಂದರೆ ಹಿಡಿತ ತಪ್ಪಿದೆ ಎಂದೇ ಅರ್ಥ. ಸರಿಯಾಗಿ ಹಿಡಿದ ಮಗು ಮೊದಲು ಬೇಗ ಬೇಗ ಚೀಪುತ್ತದೆ. ಹಾಲು ತೊರೆ ಬಿಟ್ಟ ಮೇಲೆ ನಿಧಾನವಾಗಿ, ಆಳವಾಗಿ, ನಡುವೆ ತಡೆದು ತಡೆದು ಕುಡಿಯುತ್ತದೆ. ದವಡೆಯ ಚಲನೆ ಕಿವಿಯ ಹತ್ತಿರದವರೆಗೂ ಕಾಣುತ್ತದೆ. ನುಂಗುವ ಸದ್ದು ಕೇಳುತ್ತದೆ. ಹಿಡಿದ ಮೊದಲ ಕೆಲವು ಸೆಕೆಂಡು ಎಳೆದಂತೆ ಆಗಬಹುದು. ಆಮೇಲೂ ಹಲ್ಲು ಕಚ್ಚಿಕೊಂಡು ಸಹಿಸಬೇಕಾದಷ್ಟು ನೋವಿದ್ದರೆ ಹಿಡಿತ ಸರಿಯಿಲ್ಲ. "ಚೊಚ್ಚಲು, ಹಂಗೇ ಇರುತ್ತೆ" ಅಂದರೆ ಒಪ್ಪಬೇಡಿ. ಬಾಯಿ ಬಿಡಿಸಿದ ಮೇಲೆ ತೊಟ್ಟು ಗುಂಡಗಿರಬೇಕು. ಒಂದು ಕಡೆ ಚಪ್ಪಟೆಯಾಗಿ ಓರೆಯಾಗಿದ್ದರೆ ಮಗು ಬರೀ ತೊಟ್ಟನ್ನೇ ಅಗಿದಿದೆ.

ಮಗುವಿಗೆ ಉಸಿರು ಕಟ್ಟುತ್ತದೆ ಎಂದು ಹಿರಿಯರು ಮೂಗಿನ ಹತ್ತಿರ ಬೆರಳಿಟ್ಟು ಎದೆಯನ್ನು ಒತ್ತಿ ಹಿಡಿಯಲು ಹೇಳುತ್ತಾರೆ. ಅದರಿಂದ ಎದೆ ಬಾಯಿಯಿಂದ ಹೊರಕ್ಕೆ ಜಾರುತ್ತದೆ. ಅದರ ಬದಲು ಮಗುವಿನ ಕುಂಡೆಯನ್ನು ನಿಮ್ಮ ಕಡೆಗೆ ಇನ್ನಷ್ಟು ಎಳೆದುಕೊಳ್ಳಿ. ತಲೆ ತಾನಾಗೇ ಸ್ವಲ್ಪ ಹಿಂದಕ್ಕೆ ವಾಲಿ ಮೂಗಿಗೆ ಜಾಗ ಸಿಗುತ್ತದೆ.

ಹೊಲಿಗೆ ನೋಯುತ್ತಿದ್ದರೆ ಮಗುವನ್ನು ಕಂಕುಳ ಕೆಳಗೆ, ಕಾಲು ನಿಮ್ಮ ಬೆನ್ನಿನ ಕಡೆಗೆ ಬರುವಂತೆ ಪಕ್ಕದ ದಿಂಬಿನ ಮೇಲೆ ಇಟ್ಟು ಕುಡಿಸಿ. ಹೊಟ್ಟೆಯ ಮೇಲೆ ಭಾರ ಬೀಳುವುದಿಲ್ಲ. ಅವಳಿ ಮಕ್ಕಳಿಗೂ ಇದೇ ಅನುಕೂಲ. ಸ್ವಲ್ಪ ಅಭ್ಯಾಸವಾದ ಮೇಲೆ ರಾತ್ರಿ ಮಗ್ಗುಲಾಗಿ ಮಲಗಿ ಕುಡಿಸಬಹುದು. ಸೋಫಾದಲ್ಲಿ ಮಾತ್ರ ಮಗುವನ್ನು ಇಟ್ಟುಕೊಂಡು ನಿದ್ದೆಗೆ ಜಾರಬೇಡಿ, ಸಂದಿಗೆ ಸಿಕ್ಕರೆ ಉಸಿರು ಕಟ್ಟುತ್ತದೆ.

ತೊಟ್ಟು ಚಪ್ಪಟೆ ಇದೆ, ಒಳಗೆ ಹೋಗಿದೆ ಎಂದು ಅಳುವವರನ್ನು ನೋಡಿದ್ದೇನೆ. ಮಗು ಕುಡಿಯುವುದು ತೊಟ್ಟಿನಿಂದಲ್ಲ, ಬಾಯಿ ತುಂಬ ಎದೆ ಹಿಡಿದು. ಹಾಗಾಗಿ ಬಹಳ ಜನಕ್ಕೆ ಹಿಡಿತ ಸರಿಯಾದರೆ ಸಾಕು. ಸಾಲದಿದ್ದರೆ ಆಸ್ಪತ್ರೆಯ ಸಿಸ್ಟರುಗಳು ಸಿರಿಂಜಿನ ಒಂದು ಉಪಾಯ ತೋರಿಸುತ್ತಾರೆ. ಸೂಜಿ ಇಲ್ಲದ ಸಿರಿಂಜಿನ ಮೂತಿಯ ಕಡೆ ಕತ್ತರಿಸಿ, ಒಳಗಿನ ಎಳೆಯುವ ಕಡ್ಡಿಯನ್ನು ಆ ಕತ್ತರಿಸಿದ ಕಡೆಯಿಂದ ತೂರಿಸುತ್ತಾರೆ. ನುಣುಪಾಗಿರುವ ಇನ್ನೊಂದು ತುದಿಯನ್ನು ತೊಟ್ಟಿನ ಮೇಲಿಟ್ಟು ಆ ಕಡ್ಡಿಯನ್ನು ಮೆಲ್ಲಗೆ ಎಳೆಯುವುದು. ಇದನ್ನು ಅವರ ಎದುರಿಗೇ ಕಲಿತುಕೊಳ್ಳಿ.

ಬಿರಿದ ತೊಟ್ಟಿಗೆ ಕುಡಿಸಿದ ಮೇಲೆ ನಿಮ್ಮದೇ ಹಾಲಿನ ಒಂದೆರಡು ಹನಿ ಹಚ್ಚಿ ಗಾಳಿಗೆ ಆರಲು ಬಿಡಿ. ಪ್ರತಿ ಸಲ ಸೋಪು ಹಾಕಿ ತೊಳೆಯಬೇಡಿ, ಚರ್ಮ ಒಣಗಿ ಇನ್ನಷ್ಟು ಬಿರಿಯುತ್ತದೆ.

ಸಾಕಾಗುತ್ತಿದೆಯಾ ಇಲ್ಲವಾ

ಎದೆ ಮೆತ್ತಗಿದೆ, ಮಗು ಅಳುತ್ತದೆ, ಹಿಂಡಿದರೆ ಸ್ವಲ್ಪವೇ ಬರುತ್ತದೆ. ಈ ಮೂರನ್ನೇ ನೋಡಿ ಹಾಲಿಲ್ಲ ಎಂದು ತೀರ್ಪು ಕೊಡುತ್ತಾರೆ. ಮೂರೂ ಸರಿಯಾದ ಅಳತೆಯಲ್ಲ. ಲಂಗೋಟಿ ನೋಡಿ, ಅದು ನಿಜ ಹೇಳುತ್ತದೆ. ಮೊದಲ ದಿನ ಒಂದು ಸಲವಾದರೂ, ಎರಡನೇ ದಿನ ಎರಡು ಸಲವಾದರೂ ಉಚ್ಚೆ ಮಾಡಬೇಕು. ಹೀಗೆ ಜಾಸ್ತಿಯಾಗುತ್ತಾ ಐದಾರನೇ ದಿನದ ಹೊತ್ತಿಗೆ ದಿನಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಸಲ, ತಿಳಿ ಬಣ್ಣದ್ದು ಆಗಬೇಕು. ಮಲ ಕಪ್ಪಿನಿಂದ ಹಸಿರಿಗೆ, ಐದನೇ ದಿನದ ಹೊತ್ತಿಗೆ ಹಳದಿಗೆ ತಿರುಗಬೇಕು. ಐದನೇ ದಿನವೂ ಕಪ್ಪಾಗಿಯೇ ಇದ್ದರೆ ಮಗುವಿಗೆ ಹಾಲು ಸಾಲುತ್ತಿಲ್ಲ, ಅವತ್ತೇ ತೋರಿಸಿ.

ತೂಕ ಮೊದಲ ವಾರ ಸ್ವಲ್ಪ ಇಳಿಯುತ್ತದೆ. ಇಳಿದದ್ದು ಹುಟ್ಟಿದಾಗಿನ ತೂಕದ 10 ಪರ್ಸೆಂಟಿನೊಳಗೆ ಇರಬೇಕು, ಎರಡು ವಾರದೊಳಗೆ ವಾಪಸ್ ಬರಬೇಕು. ಆಮೇಲೆ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಬಂದಾಗ ಮಗುವನ್ನು ತೂಗಿಸಿ ತಾಯಿ ಕಾರ್ಡಿನಲ್ಲಿ ಬರೆಸಿ. ತವರಿಗೆ ಹೋಗಿದ್ದರೆ ಆ ಊರಿನ ಆಶಾಗೆ ಮೊದಲೇ ತಿಳಿಸಿ.

ಸಂಜೆ ಹೊತ್ತು ಮಗು ಎದೆ ಬಿಡುವುದೇ ಇಲ್ಲ. ಅರ್ಧ ಗಂಟೆಗೊಮ್ಮೆ ಬೇಕು ಅನ್ನುತ್ತದೆ. ಮನೆಯಲ್ಲಿ ಡಬ್ಬಿ ಹಾಲಿನ ಮಾತು ಏಳುವುದು ಈ ಹೊತ್ತಿಗೇ. ಉಚ್ಚೆ, ತೂಕ ಸರಿಯಿದ್ದರೆ ಸುಮ್ನೆ ಕುಡಿಸುತ್ತಾ ಇರಿ. ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ಹಾಲು ತಯಾರಾಗುತ್ತದೆ. ಒಂದು ಬಾಟಲಿ ಡಬ್ಬಿ ಹಾಲು ಕೊಟ್ಟರೆ ಮಗು ಮೂರು ಗಂಟೆ ಮಲಗುತ್ತದೆ, ಆ ಮೂರು ಗಂಟೆ ಎದೆಗೆ ಕೆಲಸವಿಲ್ಲ, ಮರುದಿನ ಹಾಲು ಇನ್ನೂ ಕಡಿಮೆ. ಆಗ "ನೋಡು, ನಾನು ಹೇಳಿರಲಿಲ್ವಾ" ಅನ್ನುತ್ತಾರೆ. ನಮ್ಮ ದೇಶದಲ್ಲಿ 1992ರ ಕಾನೂನಿನ ಪ್ರಕಾರ ಡಬ್ಬಿ ಹಾಲು, ಹಾಲಿನ ಬಾಟಲಿಗಳ ಜಾಹೀರಾತು ಮಾಡುವಂತೆಯೇ ಇಲ್ಲ. ಅಷ್ಟು ಗಂಭೀರವಾಗಿ ತೆಗೆದುಕೊಂಡಿರುವ ವಿಷಯ ಇದು.

ಕೆಲವು ಮಕ್ಕಳಿಗೆ ವೈದ್ಯಕೀಯ ಕಾರಣಕ್ಕೆ ಮೇಲಿನ ಹಾಲು ಬೇಕಾಗುವುದೂ ನಿಜ. ಡಾಕ್ಟರ್ ಹೇಳಿದರೆ ಕೊಡಿ, ಅದರಲ್ಲಿ ತಾಯಿಯ ಸೋಲು ಏನೂ ಇಲ್ಲ. ಬಾಟಲಿಯ ಬದಲು ಅಜ್ಜಿ ಕಾಲದ ಒಳಲೆಯನ್ನು (ಮೂತಿಯಿರುವ ಪುಟ್ಟ ಬಟ್ಟಲು) ಕುದಿಸಿ, ಅದರಲ್ಲಿ ಕುಡಿಸಿ. ದಿನ ತುಂಬದೆ ಹುಟ್ಟಿದ ಮಗು ಐಸಿಯುವಿನಲ್ಲಿದ್ದರೆ ಹಾಲು ಹಿಂಡಿ ಕಳಿಸಿ. ನಿಮ್ಮದು ಸಾಲದಿದ್ದರೆ ದಾನಿಗಳ ಎದೆಹಾಲು ಸಿಗುತ್ತದಾ ಎಂದು ಕೇಳಿ. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಅಂಥದೊಂದು ಎದೆಹಾಲಿನ ಬ್ಯಾಂಕ್ ಶುರುವಾಗಿದೆ.

ಎದೆ ಕಟ್ಟಿಕೊಂಡರೆ

ಮೂರು ನಾಲ್ಕನೇ ದಿನ ಹಾಲು ಇಳಿದಾಗ ಎದೆ ಕಲ್ಲಾಗುತ್ತದೆ, ಬಿಗಿದು ಹೊಳೆಯುತ್ತದೆ. ಮಗುವಿಗೆ ಹಿಡಿಯಲೂ ಆಗುವುದಿಲ್ಲ. ಕುಡಿಸುವ ಮೊದಲು ತೊಟ್ಟಿನ ಬುಡದ ಸುತ್ತ ಬೆರಳ ತುದಿಗಳನ್ನಿಟ್ಟು ಒಂದು ನಿಮಿಷ ಒಳಕ್ಕೆ, ಎದೆಗೂಡಿನ ಕಡೆಗೆ ಒತ್ತಿ ಹಿಡಿಯಿರಿ. ಅಲ್ಲಿ ಮೆತ್ತಗಾಗುತ್ತದೆ. ಸ್ವಲ್ಪ ಹಾಲು ಹಿಂಡಿ, ಆಮೇಲೆ ಬಾಯಿ ಹಾಕಿಸಿ. ಕುಡಿಸಿದ ಮೇಲೆ ತಣ್ಣೀರಲ್ಲಿ ಅದ್ದಿದ ಬಟ್ಟೆ ಇಡಿ. ಬಾಣಂತಿಗೆ ತಣ್ಣಗಿನದು ಸೋಕಿಸಬಾರದು ಎಂದು ಮನೆಯಲ್ಲಿ ತಕರಾರು ಬರುತ್ತದೆ. ಊತ ಇಳಿಸುವುದು ತಂಪೇ ಎಂದು ಡಾಕ್ಟರ್ ಬಾಯಲ್ಲೇ ಹೇಳಿಸಿ. ಗಂಟನ್ನು ಜೋರಾಗಿ ತಿಕ್ಕಿಸಿಕೊಳ್ಳಬೇಡಿ, ಒಳಗೆ ಊತ ಇನ್ನೂ ಜಾಸ್ತಿಯಾಗುತ್ತದೆ.

ಎದೆಯ ಒಂದು ಭಾಗ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಚಳಿ ಜ್ವರ ಬಂದರೆ ಡಾಕ್ಟರ್ ಹತ್ತಿರ ಹೋಗಿ. ಬೇಕಾದರೆ ಆ್ಯಂಟಿಬಯೋಟಿಕ್ ಕೊಡುತ್ತಾರೆ. ಆಗಲೂ ಕುಡಿಸುವುದನ್ನು ನಿಲ್ಲಿಸಬೇಡಿ, ಆ ಹಾಲಿನಿಂದ ಮಗುವಿಗೆ ತೊಂದರೆಯಿಲ್ಲ.

ಊಟ, ನೀರು

ಅಳವಿ ಪಾಯಸ, ಸಬ್ಬಸಿಗೆ ಸೊಪ್ಪಿನ ಸಾರು, ಬೆಳ್ಳುಳ್ಳಿ ಹುರಿದು ಹಾಕಿದ ಬಿಸಿ ಅನ್ನ, ಅಂಟಿನ ಉಂಡೆ. ಅಮ್ಮ ಮಾಡಿಕೊಟ್ಟರೆ ಸಂತೋಷವಾಗಿ ತಿನ್ನಿ. ಹೊಟ್ಟೆ ತುಂಬ ತಿನ್ನಿ. ಆದರೆ ಹಾಲು ಜಾಸ್ತಿಯಾಗುವುದು ಮಗು ಕುಡಿಯುವುದರಿಂದ. ಹಿಡಿತ ತಪ್ಪಿದ್ದರೆ ಯಾವ ಪಾಯಸವೂ ಅದನ್ನು ಸರಿ ಮಾಡುವುದಿಲ್ಲ. ಹೊಟ್ಟೆ ಬರುತ್ತದೆ ಎಂದು ನೀರು ಕಟ್ಟುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಕುಡಿಸುವ ಜಾಗದಲ್ಲಿ ಒಂದು ಚೊಂಬು ಬಿಸಿನೀರು ಇರಲಿ. ಹಾಲು ತೊರೆ ಬಿಡುವಾಗಲೇ ಬಾಯಾರುತ್ತದೆ. ಹಳ್ಳಿಯಲ್ಲಿದ್ದರೆ ಅಂಗನವಾಡಿಯ ಮಾತೃಪೂರ್ಣ ಊಟ ಹೆರಿಗೆಯ ನಂತರವೂ ಆರು ತಿಂಗಳು ಸಿಗುತ್ತದೆ, ಬಿಡಬೇಡಿ. ಸಾಂಬ್ರಾಣಿ ಹೊಗೆಯನ್ನು ಮಾತ್ರ ಮಗುವಿನ ಮುಖದ ಹತ್ತಿರ ತರಬೇಡಿ.

ಎರಡು ವಾರ ಕಳೆದರೂ ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ, ಮಗುವನ್ನು ನೋಡಲೂ ಬೇಡ ಅನ್ನಿಸಿದರೆ, ಅದು ಸೋಮಾರಿತನವಲ್ಲ, ದೃಷ್ಟಿಯೂ ಅಲ್ಲ. ಚಿಕಿತ್ಸೆ ಇದೆ, ಡಾಕ್ಟರಿಗೆ ಹೇಳಿ.

ಕೆಲಸಕ್ಕೆ ಹೋಗುವಾಗ

ಹೆರಿಗೆ ಸೌಲಭ್ಯ ಕಾನೂನಿನ 2017ರ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಕಾನೂನಿನಲ್ಲಿದೆ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲುಣಿಸುವ ಬಿಡುವೂ ಇದೆ. ಕೇಳಿ ಪಡೆದುಕೊಳ್ಳಿ.

ಕೆಲಸಕ್ಕೆ ಮರಳುವ ಎರಡು ವಾರ ಮೊದಲೇ ಕೈಯಲ್ಲಿ ಹಿಂಡುವುದನ್ನು ಕಲಿಯಿರಿ. ಪಂಪ್ ಇಲ್ಲದಿದ್ದರೂ ನಡೆಯುತ್ತದೆ. ಕೈ ತೊಳೆದು, ಹೆಬ್ಬೆರಳು ಮತ್ತು ತೋರುಬೆರಳನ್ನು ಕಪ್ಪು ಭಾಗದ ಅಂಚಿನಲ್ಲಿ ಎದುರುಬದುರು ಇಡಿ. ಮೊದಲು ಹಿಂದಕ್ಕೆ ಎದೆಗೂಡಿನ ಕಡೆ ಒತ್ತಿ, ಆಮೇಲೆ ಎರಡೂ ಬೆರಳನ್ನು ಅದುಮಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಿಸಬೇಡಿ. ಒಂದೆರಡು ನಿಮಿಷ ಏನೂ ಬರದಿರಬಹುದು, ಆಮೇಲೆ ಚಿಮ್ಮುತ್ತದೆ. ಮುಚ್ಚಳವಿರುವ ಸ್ಟೀಲ್ ಲೋಟವನ್ನು ಕುದಿಸಿ ಒಣಗಿಸಿಟ್ಟುಕೊಳ್ಳಿ. ಹಿಂಡಿದ ಹಾಲು ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ ಇರುತ್ತದೆ. ರಾಯಚೂರು, ಬಳ್ಳಾರಿ ಬೇಸಿಗೆಯಲ್ಲಿ ಅಷ್ಟೂ ಹೊತ್ತು ಇಡಬೇಡಿ, ಕೂಡಲೇ ಫ್ರಿಜ್ಜಿಗೆ ಹಾಕಿ. ಫ್ರಿಜ್ಜಿನಲ್ಲಿ ನಾಲ್ಕು ದಿನ ಇಡಬಹುದು, ಆದರೆ ಕರೆಂಟು ಪದೇ ಪದೇ ಹೋಗುವ ಊರಲ್ಲಿ ಅದೇ ದಿನ ಬಳಸುವುದು ಒಳ್ಳೆಯದು. ಒಲೆಯ ಮೇಲೆ ಕಾಯಿಸಬೇಡಿ. ಬಿಸಿನೀರಿನ ಪಾತ್ರೆಯಲ್ಲಿ ಲೋಟ ಇಟ್ಟರೆ ಸಾಕು. ಮಗು ಕುಡಿದು ಉಳಿಸಿದ್ದನ್ನು ಮತ್ತೆ ಇಡಬೇಡಿ.

ಶುರುವಿನಲ್ಲಿ ಮಗು ಹಗಲು ಚಮಚದಲ್ಲಿ ಕಡಿಮೆ ಕುಡಿದು, ನೀವು ಬಂದ ಮೇಲೆ ಸಂಜೆಯಿಂದ ರಾತ್ರಿಯವರೆಗೂ ಎದೆಗೆ ಅಂಟಿಕೊಂಡಿರಬಹುದು. ಗಾಬರಿ ಬೇಡ, ಉಚ್ಚೆ ಸರಿಯಾಗಿ ಮಾಡುತ್ತಿದ್ದರೆ ಆಯಿತು. ಮನೆಗೆ ಬಂದವರೇ ಕೈಕಾಲು ತೊಳೆದು ಮೊದಲು ಮಗುವನ್ನು ಎತ್ತಿಕೊಂಡು ಕೂರಿ, ರಾತ್ರಿಯ ಅಡುಗೆಯನ್ನು ಆ ಹೊತ್ತಿಗೆ ಬೇರೆ ಯಾರಾದರೂ ನೋಡಿಕೊಳ್ಳಲಿ.